ಮುಕ್ಕಾಲು ಬ್ಯಾಟರಿಯ ಅತ್ತಿಗೆ

ತಾನು ಮೆಚ್ಚಿದ ಹುಡುಗಿ ಲಿಫ್ಟ್ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ ಎಂದು ಅಣ್ಣ ಮನೆಯಲ್ಲಿ ಬಾಯಿಬಿಟ್ಟ ದಿನ, ಅವನ ತಮ್ಮನ ಕಣ್ಣಮುಂದೆ ಬಂದದ್ದು ಒಂದು ಸ್ಟೂಲು. ದೊಡ್ಡ ಆಸ್ಪತ್ರೆಗಳ ಲಿಫ್ಟಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಂದವರನ್ನೆಲ್ಲ ಎಷ್ಟನೇ ಮಹಡಿ ಎಂದು ಕೇಳಿ ಗುಂಡಿ ಒತ್ತುವವರಿರುತ್ತಾರಲ್ಲ, ಅಂಥದ್ದೇ ಕೆಲಸ ಇರಬೇಕು ಅಂದುಕೊಂಡ. ದುಡಿಮೆಯಲ್ಲಿ ಮೇಲು ಕೀಳು ನೋಡಬಾರದು ಎಂಬ ದೊಡ್ಡ ಮನಸ್ಸು ಬೇರೆ. ಆಕೆ ಮೊದಲ ಸಲ ಮನೆಗೆ ಬಂದಾಗ, ಎಲ್ಲರೂ ತಂತಮ್ಮ ಲೋಟಗಳನ್ನೇ ನೋಡುತ್ತ ಕೂತಿದ್ದ ಹೊತ್ತಿನಲ್ಲಿ ಇವನೇ ಸಮಾಧಾನದ ದನಿ ತೆಗೆದ.

"ದಿನವಿಡೀ ಮೇಲೆ ಕೆಳಗೆ ಓಡಾಡಿ ತಲೆ ಸುತ್ತಲ್ವಾ? ಮಧ್ಯೆ ಮಧ್ಯೆ ಎದ್ದು ಕಾಲಾಡಿಸೋಕೆ ಬಿಡ್ತಾರಾ?"

ಆಕೆ ಲೋಟ ಕೆಳಗಿಟ್ಟು ಇವನನ್ನು ನೋಡಿದಳು.

"ನಾನು ಲಿಫ್ಟಿನ ಒಳಗಿರಲ್ಲ. ಮೇಲಿರ್ತೀನಿ. ನೀವೆಲ್ಲ ಒಳಗೆ ನಿಂತು ಕನ್ನಡಿ ನೋಡ್ಕೊಂಡು ತಲೆ ಬಾಚ್ಕೋತಿರ್ತೀರಲ್ಲ, ಆಗ ನಿಮ್ಮ ತಲೆ ಮೇಲೆ ಹಗ್ಗ, ಮೋಟಾರು, ಕಂಟ್ರೋಲರು ಎಲ್ಲ ಸರಿಯಾಗಿದೆಯಾ ಅಂತ ನೋಡ್ತಿರ್ತೀನಿ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅಮ್ಮ ನಗಲಿಲ್ಲ. "ಅಲ್ಲಮ್ಮಾ, ಅಕಸ್ಮಾತ್ ಬಿದ್ರೆ?" ಎಂದು ಕೇಳಿದಳು.

"ಇದುವರೆಗೂ ಬಿದ್ದಿಲ್ಲ. ಬಿದ್ದಿದ್ರೆ ನಿಮ್ಮನೇಲಿ ಕೂತು ಟೀ ಕುಡೀತಿರಲಿಲ್ಲ."

ಹಾಗೆ ಬಂದವಳು ಅತ್ತಿಗೆ. ಸ್ಟೂಲಿನ ಬುದ್ಧಿವಂತ ಅವಳ ಮೈದುನನಾದ. ಈ ಸಾಲುಗಳನ್ನು ಬರೆಯುತ್ತಿರುವವನೂ ಅವನೇ. 'ನಾನು' ಎಂದು ಹೇಳಿಕೊಳ್ಳಲು ಮುಖವಿಲ್ಲದೆ 'ಮೈದುನ' ಎಂಬ ಮರೆಯಲ್ಲಿ ನಿಂತಿದ್ದಾನೆ, ಅಷ್ಟೆ.

ಮದುವೆಯಾದ ಮೇಲೂ ಅತ್ತಿಗೆ ಲಿಫ್ಟಿನ ಕೆಲಸ ಬಿಡಲಿಲ್ಲ. ಬೆಳಿಗ್ಗೆ ದಪ್ಪ ಅಡಿಯ ಬೂಟು ಮೆಟ್ಟಿ ಹೊರಟರೆ ಸಂಜೆ ಗ್ರೀಸು ಮೆತ್ತಿಕೊಂಡು ಬರುವಳು. "ನಮ್ಮ ಮನೇಲಿ ಮೊದಲು ವಾಸನೆ ಬರುತ್ತೆ, ಆಮೇಲೆ ಸೊಸೆ ಬರ್ತಾಳೆ," ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುವಳು. ದೂರಿನಂತೆ ಶುರುವಾದ ಆ ಮಾತು ಬರಬರುತ್ತ ಜಂಬದಂತೆ ಕೇಳತೊಡಗಿತ್ತು. ಒಮ್ಮೆ ಎರಡು ಮಹಡಿಗಳ ನಡುವೆ ಲಿಫ್ಟು ಸಿಕ್ಕಿಕೊಂಡು ಒಳಗಿದ್ದ ವ್ಯಾಪಾರಿಯೊಬ್ಬ ಗೋಡೆ ಗುದ್ದಿ ಕಿರುಚಾಡುತ್ತಿದ್ದಾಗ, ಅತ್ತಿಗೆ ಲಿಫ್ಟಿನ ನೆತ್ತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಿಂಡಿಯಿಂದ ಅವನ ಮಕ್ಕಳು ಯಾವ ತರಗತಿ, ಅಂಗಡಿ ಹೇಗೆ ನಡೆಯುತ್ತಿದೆ ಎಂದೆಲ್ಲ ವಿಚಾರಿಸುತ್ತಲೇ ಕೈಯಿಂದ ಬ್ರೇಕು ಸಡಿಲಿಸಿ ಇಂಚಿಂಚಾಗಿ ಕೆಳಗಿಳಿಸಿದ್ದಳಂತೆ. "ಹತ್ತಿಸೋದು ಮೋಟಾರಿನ ಕೆಲಸ, ಇಳಿಸೋದು ನಮ್ಮ ಕೆಲಸ," ಎಂಬುದು ಆಗಿನಿಂದಲೂ ಅವಳ ಮಾತು.

ಆಮೇಲೊಂದು ದಿನ ಕಂಪನಿ ದುರಸ್ತಿಯನ್ನೆಲ್ಲ ಹೊರಗಿನವರಿಗೆ ವಹಿಸಿ, ಇವಳನ್ನು ದೂರು ಕೇಳುವ ಫೋನಿನ ಮುಂದೆ ಕೂರಲು ಹೇಳಿತು. ಅತ್ತಿಗೆ ಮಾರನೆಯ ದಿನವೇ ಹತಾರದ ಪೆಟ್ಟಿಗೆ ಹೊತ್ತು ಮನೆಗೆ ಬಂದಳು. "ಫೋನ್ ಎತ್ತೋಕೆ ಮನೇಲಿ ಒಬ್ಬ ಇದಾನಲ್ಲ, ಸಾಕು," ಅಂದಳು. ಆ ಒಬ್ಬ ಮೈದುನ. ಪಾರ್ಸೆಲ್ ಕಂಪನಿಯೊಂದರಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, "ನಿಮ್ಮ ಪಾರ್ಸೆಲ್ ದಾರಿಯಲ್ಲಿದೆ" ಎಂದು ಹೇಳುವುದೇ ಅವನ ದುಡಿಮೆ. ಪಾರ್ಸೆಲ್ ಎಲ್ಲಿದೆಯೆಂದು ಅವನಿಗೂ ಗೊತ್ತಿರುವುದಿಲ್ಲ. ದಾರಿಯಲ್ಲಿ ಇರದೆ ಇನ್ನೆಲ್ಲಿರುತ್ತದೆ ಎಂಬ ಧೈರ್ಯ.

ಮನೆಯಿದ್ದದ್ದು ಗುಡ್ಡದ ಮೇಲಿನ ಬಡಾವಣೆಯಲ್ಲಿ. ಪೇಟೆ, ಆಸ್ಪತ್ರೆ, ಆಫೀಸು ಎಲ್ಲ ಕೆಳಗೆ. ನಡುವೆ ಹಾವಿನಂತೆ ಸುತ್ತಿಕೊಂಡ ಒಂದೇ ರಸ್ತೆ. ಜನ ಆಸೆಪಟ್ಟು ಕೊಂಡ ಎಲೆಕ್ಟ್ರಿಕ್ ಬೈಕುಗಳು ಸಮತಟ್ಟಿನಲ್ಲಿ ರಾಜನಂತೆ ಓಡಿ, ಈ ಏರಿನಲ್ಲಿ ಅರ್ಧಕ್ಕೇ ಬೆವರಿ ಕೂರುತ್ತಿದ್ದವು. ಹಿಂದೆ ಕೂತ ಹೆಂಡತಿಯನ್ನು ತಿರುವಿನಲ್ಲಿ ಇಳಿಸಿ, "ನೀನು ನಡ್ಕೊಂಡು ಬಾ, ನಾನು ಮೇಲೆ ಕಾಯ್ತಿರ್ತೀನಿ," ಎಂದು ಹೋದ ಗಂಡಂದಿರಿಗೆ ಆ ರಾತ್ರಿ ಊಟ ಸಿಕ್ಕಿತೋ ಇಲ್ಲವೋ ದೇವರೇ ಬಲ್ಲ. ಅತ್ತಿಗೆ ಇಂಥ ಒಂದು ಬೈಕಿನ ಸೀಟು ಎತ್ತಿ, ಕಂಪನಿಯವರು ಹಾಕಿದ್ದ ಕಂಟ್ರೋಲರ್ ಪೆಟ್ಟಿಗೆ ಬಿಚ್ಚಿ ನೋಡಿ, "ಲಿಫ್ಟಿನಲ್ಲಿ ಇಷ್ಟು ಸಣ್ಣದು ಹಾಕಿದ್ರೆ ನನ್ನ ಮೇಲೆ ಕೇಸು ಹಾಕ್ತಿದ್ರು," ಅಂದಳು. ಅಲ್ಲಿಂದ ಅವಳ ಹೊಸ ಬದುಕು ಶುರು.

ಕಂಟ್ರೋಲರ್ ಎಂದರೇನು ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಉತ್ತರ. "ಬ್ಯಾಟರಿ ಅಂದ್ರೆ ಉಗ್ರಾಣ. ಮೋಟಾರು ಅಂದ್ರೆ ದುಡಿಯೋ ಆಳು. ಕಂಟ್ರೋಲರು ಅಡುಗೆಮನೆ ಯಜಮಾನಿ. ಆಳಿಗೆ ಎಷ್ಟು ಬಡಿಸಬೇಕು, ಯಾವಾಗ ಸಾಕು ಏಳು ಅನ್ನಬೇಕು, ಎಲ್ಲ ಅವಳ ಕೈಲಿರುತ್ತೆ. ನಿಮ್ಮ ಗಾಡೀಲಿರೋ ಯಜಮಾನಿ ಜುಗ್ಗಿ. ನಾನು ಧಾರಾಳಿಯನ್ನ ತಂದು ಕೂರಿಸ್ತೀನಿ."

ಮನೆಯ ಕೆಳಗೆ ಕಾರು ನಿಲ್ಲಿಸಲು ಬಿಟ್ಟಿದ್ದ ಜಾಗವೇ ವರ್ಕ್‌ಶಾಪು. ಒಂದು ಮರದ ಮೇಜು, ಗುಜರಿಯಿಂದ ತಂದ ಮೂಟೆ ತೂಗುವ ತಕ್ಕಡಿ, ಪರೀಕ್ಷೆಗೆಂದು ಹಿಂದಿನ ಸೀಟಿಗೆ ಕಟ್ಟುವ ಮರಳಿನ ಚೀಲಗಳು. ಗಿರಾಕಿ ಬಂದರೆ ಹಿಂದೆ ಕೂರುವವರು ಯಾರೋ ಅವರನ್ನೂ ಕರೆತರಬೇಕು, ತಕ್ಕಡಿ ಹತ್ತಬೇಕು. "ಹತ್ತಲ್ಲ" ಎಂದು ಮುಖ ಊದಿಸಿಕೊಂಡ ಹೆಂಗಸರಿಗೆ, "ನಂಬರು ನಾನೊಬ್ಬಳೇ ನೋಡ್ತೀನಿ, ನಿಮ್ಮೆಜಮಾನರು ಆ ಕಡೆ ತಿರುಗ್ತಾರೆ," ಎಂದು ಪುಸಲಾಯಿಸುವಳು. ಎಲ್ಲಕ್ಕಿಂತ ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: "ನಿಮ್ಮನೆ ಗುಡ್ಡದ ಮೇಲೋ, ಕೆಳಗೋ?"

ಏಕೆಂದರೆ ಅವಳು ಹಾಕುವ ಹೊಸ ಕಂಟ್ರೋಲರಿಗೆ ಇನ್ನೊಂದು ಗುಣವಿತ್ತು. ಇಳಿಜಾರಿನಲ್ಲಿ ಅದು ಮೋಟಾರನ್ನು ಉಲ್ಟಾ ದುಡಿಸಿ ಚಕ್ರ ಹಿಡಿಯುತ್ತದೆ. ಹಿಡಿದು ಹುಟ್ಟಿದ ಕರೆಂಟನ್ನು ಬ್ಯಾಟರಿಗೇ ವಾಪಸು ಕಳಿಸುತ್ತದೆ. ಬ್ರೇಕು ಮುಟ್ಟದೆ ಗುಡ್ಡವಿಡೀ ಇಳಿಯಬಹುದು. ಆದರೆ ಬ್ಯಾಟರಿ ಮೊದಲೇ ತುಂಬಿದ್ದರೆ? "ಜಾಗ ಇಲ್ಲ ಅಂತ ಬ್ಯಾಟರಿ ಬಾಗಿಲು ಹಾಕುತ್ತೆ. ಹಾಕಿದ ತಕ್ಷಣ ಮೋಟಾರು ಕೈಬಿಡುತ್ತೆ. ಕೈಬಿಡೋ ಮುಂಚೆ ಹೇಳಿ ಕೇಳಿ ಬಿಡಲ್ಲ," ಎಂದು ಅತ್ತಿಗೆ ಎಲ್ಲರಿಗೂ ಎಚ್ಚರಿಸುವಳು. ಹಾಗಾಗಿ ಕೆಳಗೆ ಮನೆಯಿರುವವರು, ಮೊದಲು ಏರುವವರು, ತುಂಬ ಚಾರ್ಜ್ ಮಾಡಿಕೊಳ್ಳಲಿ. ಮೇಲಿನವರು ಮೊದಲು ಇಳಿಯುವವರು, ಅವರಿಗೆ ಮುಕ್ಕಾಲೇ. ಮುಕ್ಕಾಲಿಗೆ ತಾನೇ ನಿಲ್ಲುವ ಚಾರ್ಜರನ್ನೂ ಅವಳೇ ಕೊಡುವಳು. ಗಾಡಿಯ ಜೊತೆ ಕಂಪನಿ ಕೊಟ್ಟ ಹಳೆಯದನ್ನು ಮೂಲೆಗೆ ಹಾಕಿಸುವಳು.

ಈ ಮುಕ್ಕಾಲು ಅಮ್ಮನ ಗಂಟಲಲ್ಲಿ ಇಳಿಯದ ತುತ್ತು. ಲೋಟವನ್ನು ಅಂಚಿನ ತನಕ ತುಂಬಿಸಿ, ತಟ್ಟೆಗೆ ಚೆಲ್ಲಿದರೆ ಮಾತ್ರ ಪ್ರೀತಿ ಎಂದು ನಂಬಿದ ಜೀವ ಅದು. "ಅದೇನು ಸೊಸೆಯೋ! ಹೊರಗೆ ಹೊರಟವರನ್ನ ಮುಕ್ಕಾಲು ಹೊಟ್ಟೇಲಿ ಕಳಿಸ್ತಾಳೆ. ಅರ್ಧ ದಾರೀಲಿ ನಿಂತ್ರೆ ಇವಳಪ್ಪ ಬರ್ತಾನಾ ತಳ್ಳೋಕೆ?" ಎಂದು ಗೊಣಗುವಳು. ಮೈದುನನಿಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ತನ್ನ ಬೈಕಿಗೆ ಹೊಸ ಕಂಟ್ರೋಲರ್ ಹಾಕಿಸಿಕೊಳ್ಳದೆ, "ಮುಂದಿನ ತಿಂಗಳು ಅತ್ತಿಗೆ, ಖಂಡಿತ," ಎಂದು ತಿಂಗಳು ತಿಂಗಳೂ ನುಣುಚಿಕೊಂಡಿದ್ದ. ಅವನದಿನ್ನೂ ಜುಗ್ಗಿ ಯಜಮಾನಿಯ ಸಂಸಾರ.

ಊರವರ ಗಾಡಿಗಳ ಸಾಲು ಮುಗಿಯದೆ, ಮನೆಯ ಗಾಡಿಯ ಸರದಿ ಕೊನೆಗೆ ಬಂತು. ಅಣ್ಣ ಮನೆಮನೆಗೆ ಹೋಗಿ ಮರದ ಕಪಾಟು ಜೋಡಿಸುವವನು. ಬೈಕಿನ ಮೇಲೆ ಡ್ರಿಲ್ಲು, ಹಲಗೆ, ಮೊಳೆಯ ಡಬ್ಬ ಎಲ್ಲ ಹೇರಿಕೊಂಡು ಗುಡ್ಡ ಹತ್ತಿ ಇಳಿದು ಆ ಗಾಡಿಯನ್ನು ಹಣ್ಣು ಮಾಡಿದ್ದ. ಅತ್ತಿಗೆ ಹಿಂದಿನ ಚಕ್ರ ಬಿಚ್ಚಿ, ಅದರ ನಡುಭಾಗದಲ್ಲೇ ಕೂತಿರುವ ಮೋಟಾರಿನ ತಂತಿಗಳನ್ನೆಲ್ಲ ನೋಡಿ, ಹೊಸ ಕಂಟ್ರೋಲರ್ ಕೂರಿಸಿ, ಗಾಡಿ ಕೈಗಿಟ್ಟಳು. ಅಣ್ಣ ಒಂದು ಸುತ್ತು ಹೋಗಿಬಂದು, "ಏರಲ್ಲಿ ಯಾರೋ ಹಿಂದಿನಿಂದ ತಳ್ಳಿದ ಹಾಗಿದೆ ಕಣೇ. ಇಳಿಯೋವಾಗ ಯಾರೋ ಹಿಂದಿನಿಂದ ಅಂಗಿ ಹಿಡ್ಕೊಂಡ ಹಾಗಿದೆ," ಎಂದು ಹಿಗ್ಗಿದ್ದ.

ಅದಾಗಿ ಒಂದು ವಾರಕ್ಕೆ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವ ದಿನ ಬಂತು.

ಮೈದುನನಿಗೆ ಸಂಜೆ ಪಾಳಿ. ತಡವಾಗಿ ಎದ್ದು, ಟೀ ಲೋಟ ಹಿಡಿದು ಆಕಳಿಸುತ್ತ ಕೆಳಗಿಳಿದ. ಅಣ್ಣ ಅಮ್ಮ ಹೊರಟ ಹಾರ್ನು ಮೆಟ್ಟಿಲ ಮೇಲಿದ್ದಾಗಲೇ ಕೇಳಿಸಿತ್ತು. ಅತ್ತಿಗೆ ಮೇಜಿನ ಮುಂದೆ ಬಗ್ಗಿ ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದಳು. ಕದದ ಹಿಂದೆ ಕಾಲಿಗೆ ಏನೋ ತಗುಲಿತು.

"ಅತ್ತಿಗೆ, ಈ ಮುದುಕನಿಗೆ ಮತ್ತೆ ಕೆಲಸ ಕೊಟ್ರಾ?"

"ಯಾವ ಮುದುಕ?" ಅತ್ತಿಗೆ ತಲೆ ಎತ್ತಲಿಲ್ಲ.

"ಅಣ್ಣನ ಗಾಡಿಯ ಹಳೇ ಚಾರ್ಜರ್. ಪ್ಲಗ್ಗಲ್ಲೇ ಇದೆ. ಹಸಿರು ದೀಪ ಬಿಟ್ಕೊಂಡು ಕೂತಿದಾನೆ."

ಬೆಸುಗೆಯ ಕಡ್ಡಿ ಮೇಜಿನ ಮೇಲೆ ಬಿತ್ತು. ಅತ್ತಿಗೆ ಬಂದು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅಂಗೈಯ ಹಿಂಭಾಗವನ್ನು ಚಾರ್ಜರಿನ ಮೇಲಿಟ್ಟಳು.

"ಬಿಸಿ ಇದೆ," ಅಂದಳು. "ಯಾರು ಹಾಕಿದ್ದು?"

"ನಾನಲ್ಲ," ಅಂದ ಮೈದುನ. ಬದುಕಿನಲ್ಲಿ ಯಾವ ಪ್ರಶ್ನೆಗೂ ಅವನ ಮೊದಲ ಉತ್ತರ ಅದೇ. ಆಮೇಲೆ ನೆನಪಾಯಿತು. ಬೆಳಗಿನ ನಿದ್ದೆಗಣ್ಣಿನಲ್ಲಿ ಅಮ್ಮನ ದನಿ: ಇವತ್ತಾದ್ರೂ ಹೊಟ್ಟೆ ತುಂಬ ಉಣ್ಣಪ್ಪಾ, ನಿನ್ನ ಯಜಮಾನಿ ಎದ್ದಿಲ್ಲ. ಯಾವುದೋ ಬೆಕ್ಕಿಗೆ ಹೇಳುತ್ತಿದ್ದಾಳೆ ಎಂದುಕೊಂಡು ಮಗ್ಗುಲಾಗಿದ್ದ. "ಅಮ್ಮ ಹಾಕಿರಬೇಕು."

ಅತ್ತಿಗೆಯ ಮುಖ ಬಿಳಿಚಿಕೊಂಡದ್ದನ್ನು ಅವನು ಅದೇ ಮೊದಲು ನೋಡಿದ್ದು. "ಈಗಷ್ಟೇ ತಾನೆ ಹೊರಟಿದ್ದು? ಫೋನ್ ಮಾಡು. ನಿಮ್ಮಣ್ಣನಿಗೆ ಮಾಡು, ಎತ್ತದಿದ್ರೆ ಅತ್ತೆಗೆ ಮಾಡು. ಮಾಡ್ತಾನೇ ಇರು."

"ಯಾಕತ್ತಿಗೆ? ಮೋಟಾರು ಹಿಡೀದಿದ್ರೆ ಬ್ರೇಕು ಇದೆಯಲ್ಲ?"

ಅತ್ತಿಗೆ ಹೊರಗೆ ನಿಂತಿದ್ದ ಅವನ ಬೈಕಿನ ಸೀಟನ್ನು ಎತ್ತಿ ಕೈ ಒಳಗೆ ಹಾಕಿ, ಬಿಳಿ ತಂತಿಯ ಒಂದು ಜೋಡಣೆಯನ್ನು ಪಟ್ಟನೆ ಕಿತ್ತಳು.

"ಏನದು?"

"ನಿನ್ನ ಮೂಗುದಾರ. ಸ್ಪೀಡು ಕಟ್ಟಿಹಾಕಿದ್ದ ತಂತಿ. ಹತ್ತು."

ಅತ್ತಿಗೆಯೇ ಹ್ಯಾಂಡಲ್ ಹಿಡಿದಳು. ಹಿಂದೆ ಕೂತ ಮೈದುನ ಒಂದು ಕೈಯಲ್ಲಿ ಸೀಟಿನ ಕಂಬಿ, ಇನ್ನೊಂದರಲ್ಲಿ ಫೋನು ಹಿಡಿದು ಅಣ್ಣನ ನಂಬರು ಒತ್ತಿದ. ಗಂಟೆ ಬಡಿಯಿತು, ಬಡಿಯಿತು, ನಿಂತಿತು. ಅಣ್ಣನ ಫೋನು ಅವನ ಪ್ಯಾಂಟಿನ ಜೇಬಿನಲ್ಲಿ ಅಡಗಿ ಕೂತು ಬಡಿದುಕೊಳ್ಳುತ್ತಿರಬೇಕು. ಬೈಕು ನರಳುತ್ತ ಮುಂದೆ ಸಾಗಿತು. ನೀರಿನ ಟ್ಯಾಂಕಿನ ತನಕ ರಸ್ತೆ ಸಮ. ಮೂಗುದಾರ ಬಿಚ್ಚಿದ್ದರೂ ಹುಟ್ಟುಗುಣ ಬಿಡಬೇಕಲ್ಲ. ಇಬ್ಬರ ಭಾರಕ್ಕೆ ಆ ಜುಗ್ಗಿ ಕಂಟ್ರೋಲರು ಕೊಸರಾಡುತ್ತ ಬಡಿಸುತ್ತಿತ್ತು.

"ಎಷ್ಟು ಸಲ ಬಡ್ಕೊಂಡೆ ಬದಲಾಯಿಸಿಕೋ ಅಂತ!" ಅತ್ತಿಗೆ ಗಾಳಿಗೆ ಕೂಗಿದಳು. "ಮುಂದಿನ ತಿಂಗಳಂತೆ, ಮುಂದಿನ ತಿಂಗಳು!"

"ನಾನು ಇಳಿದು ತಳ್ಳಲಾ?"

"ಬಾಯಿ ಮುಚ್ಕೊಂಡು ಫೋನ್ ಮಾಡು."

ಅವಳು ತನಗೆ ತಾನೇ ಲೆಕ್ಕ ಹಾಕುತ್ತಿದ್ದಳು. ಗಾಳಿಯಲ್ಲಿ ಅರ್ಧರ್ಧ ಮಾತು ಹಿಂದಕ್ಕೆ ಬಂದು ಬೀಳುತ್ತಿತ್ತು. ಟ್ಯಾಂಕಿನ ತನಕ ಸ್ವಲ್ಪ ಖರ್ಚಾಗುತ್ತೆ. ಮೊದಲನೇ ತಿರುವು ಎರಡನೇ ತಿರುವಲ್ಲಿ ಅಷ್ಟೂ ವಾಪಸ್ ತುಂಬುತ್ತೆ. ಮೂರನೇದರಲ್ಲಿ ಜಾಗ ಇರಲ್ಲ. ಮೂರನೇ ತಿರುವಿನ ಮುಂದೆ ಏನಿದೆ ಎಂದು ಮೈದುನನಿಗೆ ಗೊತ್ತಿತ್ತು. ದಿನಾ ಹೋಗುವ ದಾರಿ. ಅಲ್ಲಿಂದ ರಸ್ತೆ ನೆಟ್ಟಗೆ ಕಡಿದಾಗಿ ಇಳಿದು, ಪೇಟೆಯ ಬಸ್ ನಿಲ್ದಾಣದ ಎದುರಿಗೆ ಹೋಗಿ ಬೀಳುತ್ತದೆ. ಬೆಳಗಿನ ಈ ಹೊತ್ತಿಗೆ ಅಲ್ಲಿ ಶಾಲೆಯ ಮಕ್ಕಳಿಂದ ಹಿಡಿದು ತರಕಾರಿ ಗಾಡಿಯವರೆಗೂ ಎಲ್ಲರೂ ರಸ್ತೆಯ ಮೇಲೇ ಇರುತ್ತಾರೆ.

ಟ್ಯಾಂಕು ದಾಟಿತು. ಇಳಿಜಾರು ಶುರುವಾದದ್ದೇ ಅವನ ಬೈಕಿಗೂ ಜೀವ ಬಂತು. ಅತ್ತಿಗೆ ಮೊದಲ ತಿರುವಿನಲ್ಲಿ ಗಾಡಿಯನ್ನು ಮಲಗಿಸಿದ ರೀತಿಗೆ ಮೈದುನನ ಅರ್ಧ ಪ್ರಾಣ ಅಲ್ಲೇ ಉಳಿಯಿತು. ಈಗ ಅಮ್ಮನ ನಂಬರು.

ಗಂಟೆ ಬಡಿಯುತ್ತಲೇ ಇತ್ತು. ಆಮೇಲೆ, ನಂಬಲಾಗಲಿಲ್ಲ, ಅಮ್ಮನ ದನಿ. "ಹಲೋ, ಯಾರು?"

"ಅಮ್ಮಾ! ನಿಲ್ಲಿಸೋಕೆ ಹೇಳು! ಅಣ್ಣನಿಗೆ ಈಗಲೇ ಗಾಡಿ ನಿಲ್ಲಿಸೋಕೆ ಹೇಳು!"

"ಏನೋ ಅದು, ಬರೀ ಗಾಳಿ ಕಣೋ, ಏನೂ ಕೇಳಿಸ್ತಿಲ್ಲ. ಗಾಡೀಲಿ ಹೋಗ್ತಾ ಇದೀವಿ. ಆಮೇಲೆ ಮಾಡು."

"ಅಮ್ಮಾ, ಇಡಬೇಡ, ಅಮ್ಮಾ..."

"ಇಡ್ತೀನಪ್ಪಾ. ಒಂದು ಕೈ ಬಿಟ್ಕೊಂಡು ಕೂತಿದೀನಿ, ಬೀಳ್ತೀನಿ." ಫೋನು ನಿಂತಿತು.

"ಏನಂದ್ರು?" ಅತ್ತಿಗೆ ಕೂಗಿದಳು.

"ಆಮೇಲೆ ಮಾಡು ಅಂದ್ಲು!"

ಅತ್ತಿಗೆ ಗಾಡಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು. ಎರಡನೇ ತಿರುವು ಬಂದಾಗ ಮುಂದಿನ ರಸ್ತೆಯ ಕೊನೆಯಲ್ಲಿ ಅಣ್ಣನ ಬೈಕು ಕಂಡಿತು. ಅಮ್ಮನ ಸೆರಗು ಹಿಂದೆ ಹಾರುತ್ತಿತ್ತು. ಅಣ್ಣ ಆರಾಮಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದ. ಮೋಟಾರು ಇನ್ನೂ ಹಿಡಿದಿತ್ತು. ಇನ್ನೂ ಅಂಗಿ ಹಿಡಿದು ಎಳೆಯುತ್ತಿತ್ತು. ಇವರಿಬ್ಬರೂ ಒಟ್ಟಿಗೇ ಗಂಟಲು ಹರಿಯುವಂತೆ ಕಿರುಚಿದರು. ಹಾರ್ನು ಒತ್ತಿದರು. ಅಣ್ಣ ಯಾರೋ ಪಡ್ಡೆಗಳು ಮುಂದೆ ಹೋಗಲು ಅವಸರ ಮಾಡುತ್ತಿದ್ದಾರೆ ಎಂದುಕೊಂಡನೋ ಏನೋ, ಎಡಗೈ ಬೀಸಿ ಹೋಗಿ ಹೋಗಿ ಎಂದು ಸನ್ನೆ ಮಾಡಿದ. ಮಾಡಿ ಮೂರನೇ ತಿರುವಿಗೆ ಹೊರಳಿದ.

ಅತ್ತಿಗೆ ಬ್ರೇಕು ಹಾಕಿ ಗಾಡಿಯನ್ನು ಮೈದುನನ ಕೈಗೆ ತಳ್ಳಿದಳು. ಅಲ್ಲಿ, ರಸ್ತೆಯ ಸುತ್ತು ತಪ್ಪಿಸಿ ನಡೆದು ಹೋಗುವವರಿಗೆಂದು ಕೆಳಗಿನ ರಸ್ತೆಗೆ ಕಡಿದಾದ ಕಲ್ಲುಮೆಟ್ಟಿಲುಗಳಿದ್ದವು. "ಎಲ್ಲಿಗೆ?" ಎಂದು ಅವನು ಕೇಳುವಷ್ಟರಲ್ಲಿ ಅವಳು ಎರಡು ಮೂರು ಮೆಟ್ಟಿಲನ್ನು ಒಟ್ಟೊಟ್ಟಿಗೆ ಹಾರುತ್ತ ಇಳಿಯುತ್ತಿದ್ದಳು. ಲಿಫ್ಟು ಓಡಾಡುವ ಬಾವಿಯಂಥ ಕಂದಕಗಳಲ್ಲಿ ಏಣಿ ಹತ್ತಿ ಇಳಿದ ಕಾಲು ಅದು.

ಮೈದುನ ಗಾಡಿ ನಿಲ್ಲಿಸಲೂ ತೋಚದೆ, ಅದನ್ನು ತೊಡೆಗೆ ಆನಿಸಿಕೊಂಡೇ ರಸ್ತೆಯಂಚಿನ ಮೋಟುಗೋಡೆಯ ಮೇಲಿಂದ ಬಗ್ಗಿ ನೋಡಿದ. ಕೆಳಗಿನ ರಸ್ತೆಯಿಡೀ ತಟ್ಟೆಯಲ್ಲಿಟ್ಟಂತೆ ಕಾಣುತ್ತಿತ್ತು. ಎಡಬದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಮೂರ್ನಾಲ್ಕು ಜನ ಗಾರೆಯವರು, ಒಂದು ಮರಳಿನ ಗುಡ್ಡೆ. ಕೆಳಗಿನಿಂದ ನೀರಿನ ಟ್ಯಾಂಕರೊಂದು ರಸ್ತೆಯ ಮುಕ್ಕಾಲು ಭಾಗ ತಾನೇ ತುಂಬಿಕೊಂಡು ಏದುಸಿರು ಬಿಡುತ್ತ ಏರುತ್ತಿತ್ತು.

ಆಗ ಮೂರನೇ ತಿರುವಿನಿಂದ ಅಣ್ಣನ ಬೈಕು ಹೊರಬಂತು. ಬಂದ ರೀತಿಯಲ್ಲೇ ಗೊತ್ತಾಯಿತು, ಮೋಟಾರು ಕೈಬಿಟ್ಟಿದೆ ಎಂದು. ಗಾಡಿಗೆ ಹಿಡಿತವೇ ಇಲ್ಲದಂತೆ, ಮೇಲಿಂದ ಬಿಟ್ಟ ಕಲ್ಲಿನಂತೆ ಉರುಳಿಬಂತು. ಹಿಂದಿನ ಕೆಂಪು ದೀಪ ಹತ್ತಿಕೊಂಡೇ ಇತ್ತು, ಅಂದರೆ ಅಣ್ಣ ಬ್ರೇಕು ತುಳಿದೇ ಇದ್ದ. ವೇಗ ಮಾತ್ರ ಇಳಿಯಲಿಲ್ಲ. ಬದಲಿಗೆ ಒಂದು ಸದ್ದು ಕೇಳಿತು, ಕಬ್ಬಿಣವನ್ನು ಕಬ್ಬಿಣಕ್ಕೆ ಉಜ್ಜಿದ ಕರ್ರ್ ಎಂಬ ಸದ್ದು. ಮೇಲೆ ನಿಂತವನ ಹಲ್ಲು ಜುಮ್ಮೆಂದಿತು. ಮುಂದಿನ ಬ್ರೇಕನ್ನು ಅಣ್ಣ ಬಿಗಿಯಾಗಿ ಹಿಡಿದನೆಂದು ಕಾಣುತ್ತದೆ, ಗಾಡಿಯ ಮೂತಿ ಒಮ್ಮೆ ತುಯ್ದು ಅಡ್ಡಕ್ಕೆ ಓಲಾಡಿತು. ಗಾಬರಿಯಿಂದ ಬಿಟ್ಟ. ಎರಡೂ ಕಾಲು ಕೆಳಗಿಟ್ಟು ಟಾರಿನ ಮೇಲೆ ಎಳೆದ. ಒಂದು ಚಪ್ಪಲಿ ಹಾರಿಹೋಯಿತು. ಹಿಂದೆ 'ಅಯ್ಯೋ ನಿಲ್ಸೋ, ನಿಲ್ಸೋ' ಎಂಬ ಅಮ್ಮನ ಕೂಗು, ಒಂದೇ ಸಮನೆ.

ಅಷ್ಟರಲ್ಲಿ ಮೆಟ್ಟಿಲ ಬಾಯಿಂದ ಅತ್ತಿಗೆ ರಸ್ತೆಗೆ ಬಿದ್ದಳು. ಬಿದ್ದಳು ಎಂದೇ ಹೇಳಬೇಕು. ಮಂಡಿಯೂರಿ ಎದ್ದು, ನೇರವಾಗಿ ನಡುರಸ್ತೆಗೆ ಓಡಿದಳು. ಟ್ಯಾಂಕರಿಗೆ ಬೆನ್ನು ಹಾಕಿ ನಿಂತು, ಒಂದು ಕೈಯನ್ನು ಹಿಂದಕ್ಕೆ ಚಾಚಿ ಅಂಗೈ ತೋರಿಸಿದಳು. ಇನ್ನೊಂದು ಕೈ ಮರಳಿನ ಕಡೆಗೆ.

"ಮರಳಿಗೆ! ಮರಳಿಗೆ ಹಾಕ್ರೀ! ಮರಳಿಗೆ!"

ಟ್ಯಾಂಕರು ಬುಸ್ಸೆಂದು ನಿಂತಿತು, ಅವಳ ಬೆನ್ನಿಗೂ ಅದರ ಮೂತಿಗೂ ನಡುವೆ ಒಂದು ಮಂಚ ಹಾಕುವಷ್ಟೂ ಜಾಗ ಉಳಿಯದಂತೆ. ಅಣ್ಣ ಹೆಂಡತಿಯನ್ನು ನೋಡಿದ. ಅವಳು ಕದಲಲಿಲ್ಲ. ಬೈಕು ಅವಳತ್ತಲೇ ಬರುತ್ತಿತ್ತು, ಅವಳು ಕದಲಲಿಲ್ಲ, ಕೈ ಮಾತ್ರ ಮರಳಿನ ಕಡೆ ಬಡಿಯುತ್ತಲೇ ಇತ್ತು. ಕೊನೆಗಳಿಗೆಯಲ್ಲಿ ಅಣ್ಣ ಹ್ಯಾಂಡಲನ್ನು ಎಡಕ್ಕೆ ಎಳೆದ. ಗಾರೆಯವರು ಕರಣೆ ಬಿಟ್ಟು ಓಡಿದರು. ಮುಂದಿನ ಚಕ್ರ ಗುಡ್ಡೆಯೊಳಕ್ಕೆ ಹುಗಿದುಕೊಂಡಿತು, ಗಾಡಿ ಹಿಂಭಾಗ ಎತ್ತಿ ಮಗ್ಗುಲಾಯಿತು, ಮರಳಿನ ಮೋಡವೊಂದು ಎದ್ದಿತು.

ಮೈದುನ ಹೇಗೆ ಕೆಳಗೆ ಬಂದನೋ ಅವನಿಗೇ ಗೊತ್ತಿಲ್ಲ. ಬೈಕನ್ನು ಎಲ್ಲಿ ಬಿಟ್ಟನೆಂದು ಸಂಜೆಯವರೆಗೂ ನೆನಪಾಗಲಿಲ್ಲ.

ಅಮ್ಮ ಮರಳಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕೈ ತರಚಿತ್ತು, ತಲೆಯ ತುಂಬ ಮರಳು. ಕನ್ನಡಕ ಇರಲಿಲ್ಲ. ಅತ್ತಿಗೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ, ಕತ್ತು, ಕಾಲು ಒಂದೊಂದನ್ನೇ ಒತ್ತಿ ಆಡಿಸಿ ನೋಡುತ್ತಿದ್ದಳು. "ಇಲ್ಲಿ ನೋಯುತ್ತಾ ಅತ್ತೆ? ಇಲ್ಲಿ?" ಗಾರೆಯವನೊಬ್ಬ ಬಕೆಟ್ಟಿನಲ್ಲಿ ನೀರು ತಂದ. ಅಣ್ಣನ ಪ್ಯಾಂಟು ಮಂಡಿಯ ಹತ್ತಿರ ಹರಿದು ರಕ್ತ ಒಸರುತ್ತಿತ್ತು. ಅವನು ನಿಲ್ಲಲೂ ಆಗದೆ ಕೂರಲೂ ಆಗದೆ ಅತ್ತಿತ್ತ ಕುಂಟುತ್ತಿದ್ದ. ಪ್ರಾಣ ಉಳಿದದ್ದು ಖಾತ್ರಿಯಾದ ಮೇಲೆ ಮನುಷ್ಯನಿಗೆ ಮೊದಲು ಬರುವುದು ಸಿಟ್ಟು.

"ಇದ್ದಕ್ಕಿದ್ದ ಹಾಗೆ ಬಿಟ್ಬಿಡ್ತು! ಹಿಡೀತಾನೇ ಇರಲಿಲ್ಲ!"

"ಬ್ಯಾಟರಿ ತುಂಬಿತ್ತಣ್ಣ," ಅಂದ ಮೈದುನ. "ಅಮ್ಮ ಬೆಳಿಗ್ಗೆ ಹಳೇ ಚಾರ್ಜರ್ ಹಾಕಿದ್ಲು."

ಆ ಮಾತು ಹೊರಬಿದ್ದದ್ದೇ ತಡ, ಅಣ್ಣ ಅಮ್ಮನ ಕಡೆ ತಿರುಗಿದ. "ನಿನಗ್ಯಾರು ಹೇಳಿದ್ರು ಹಾಕು ಅಂತ? ಅವಳು ತಲೆ ಚಚ್ಕೊಂಡು ಹೇಳಿದಾಳೆ, ಮುಕ್ಕಾಲು ಮುಕ್ಕಾಲು ಅಂತ. ನಿನಗೆ ಎಲ್ಲದರಲ್ಲೂ ಕೈ ಹಾಕಬೇಕು. ಇಬ್ಬರೂ ಸತ್ತೇ ಹೋಗ್ತಿದ್ವಲ್ಲ!"

ಉತ್ತರಕ್ಕೆ ಉತ್ತರ ಜೋಡಿಸುವ ಅಮ್ಮ ಮರಳಿನ ಮೇಲೆ ಚಿಕ್ಕದಾಗಿ ಕೂತಿದ್ದಳು. ಸುತ್ತ ಸೇರಿದವರೆಲ್ಲ ಆಗಲೇ ತೀರ್ಪು ಕೊಡಲು ಶುರುಮಾಡಿದ್ದರು. ವಯಸ್ಸಾದವರು ಇಂಥದ್ದನ್ನೆಲ್ಲ ಮುಟ್ಟಬಾರದು, ಕರೆಂಟಿನ ವಿಷಯ ಅಲ್ವಾ, ಪಾಪ ಸೊಸೆ ಜೀವ ಒತ್ತೆಯಿಟ್ಟಳು. ಮೇಲಿನ ಬೀದಿಯ ಔಷಧದಂಗಡಿಯವನೂ ಅಲ್ಲಿದ್ದ. ಹಿಂದಿನ ವಾರವಷ್ಟೇ ಅತ್ತಿಗೆಯಿಂದ ಕಂಟ್ರೋಲರ್ ಹಾಕಿಸಿಕೊಂಡು, ಇನ್ನೂ ನಾಲ್ಕು ಜನಕ್ಕೆ ಹೇಳಿ ಕಳಿಸಿದ್ದವನು. ಅವನು ಗುಂಪು ಸರಿಸಿ ಮುಂದೆ ಬಂದು, ಸಮಾಧಾನ ಬೇಡುವ ದನಿಯಲ್ಲಿ ಕೇಳಿದ.

"ಬ್ಯಾಟರಿ ತುಂಬಿಸಿದ್ದೊಂದೇ ಕಾರಣ ಅಲ್ವೇನಮ್ಮಾ? ನೀವು ಹಾಕಿದ್ದರಲ್ಲಿ ಏನೂ ತೊಂದರೆ ಇಲ್ಲ ತಾನೆ? ದಿನಾ ಮಕ್ಕಳನ್ನ ಕೂರಿಸ್ಕೊಂಡು ಇಳೀತೀನಿ ನಾನು."

ಅತ್ತಿಗೆ ಬಾಯಿ ತೆರೆಯುವ ಮೊದಲೇ ಮೈದುನ, "ಹೂಂ ಸರ್, ಬ್ಯಾಟರಿಯದ್ದೇ, ಬೇರೆ ಏನಿಲ್ಲ," ಅಂದುಬಿಟ್ಟ. ಪಾರ್ಸೆಲ್ ದಾರಿಯಲ್ಲಿದೆ ಎಂದು ಹೇಳಿ ಹೇಳಿ ಪಳಗಿದ ನಾಲಿಗೆ. ಕೇಳಿದವರಿಗೆ ಹಿತವಾದದ್ದು ತಾನೇ ಹೊರಬೀಳುತ್ತದೆ. ಅತ್ತಿಗೆ ಒಮ್ಮೆ ತಲೆಯಾಡಿಸಿದರೆ ಸಾಕಿತ್ತು. ಔಷಧದಂಗಡಿಯವನು ಆಗಲೇ ಉಸಿರು ಬಿಡಲು ಎದೆ ತುಂಬಿಕೊಂಡಿದ್ದ.

ಅಷ್ಟರಲ್ಲಿ ಟ್ಯಾಂಕರಿನ ಡ್ರೈವರ್ ಇಳಿದು ಬಂದಿದ್ದ. ಮಗ್ಗುಲಾಗಿ ಬಿದ್ದಿದ್ದ ಗಾಡಿಯ ಹಿಂದಿನ ಚಕ್ರವನ್ನು ಕಾಲಿನಿಂದ ಸುಮ್ಮನೆ ತಿರುಗಿಸಿ, ಬ್ರೇಕಿನ ಕಡ್ಡಿಯನ್ನು ಕೈಯಿಂದ ಒತ್ತಿದ. ಮತ್ತೆ ಅದೇ ಕರ್ರ್ ಸದ್ದು.

"ಇದರಲ್ಲಿ ಬ್ರೇಕ್ ಶೂ ಎಲ್ಲಿದೆ?" ಅಂದ. "ಸವೆದು ಬರೀ ಕಬ್ಬಿಣ ಉಳಿದಿದೆ. ಇದು ಒಂದು ದಿನದಲ್ಲಿ ಸವೆಯೋದಲ್ಲ ಬಿಡಿ. ತಿಂಗಳುಗಟ್ಟಲೆ ಸವೆದಿರೋದು."

ಅಣ್ಣ ಚಕ್ರವನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಆ ಚಕ್ರವನ್ನು ಬಿಚ್ಚಿ ಹಾಕಿದ ಕೈ ಯಾರದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅವನು ಕೇಳಲಿಲ್ಲ. ಕೇಳುವ ಧೈರ್ಯ ಮೈದುನನಿಗೂ ಬರಲಿಲ್ಲ. ಅವನು ಮರಳಿನಲ್ಲಿ ಕನ್ನಡಕ ಹುಡುಕುವ ನೆಪದಲ್ಲಿ ಬಗ್ಗಿದ.

ಕೇಳಿದವಳು ಅಮ್ಮ. ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ, ತನ್ನ ಮೊಣಕೈ ಹಿಡಿದುಕೊಂಡಿದ್ದ ಸೊಸೆಯ ಮುಖವನ್ನು ಹುಡುಕಿ ಕೇಳಿದಳು.

"ಏನಮ್ಮಾ, ಬ್ರೇಕು ಸವೆದಿರೋದು ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ," ಅಂದಳು ಅತ್ತಿಗೆ, ಎಲ್ಲರಿಗೂ ಕೇಳುವಂತೆ. "ಚಕ್ರ ಬಿಚ್ಚಿದ ದಿನವೇ ನೋಡಿದೆ. ಮನೆಯವರ ಗಾಡಿ ತಾನೆ, ಆಮೇಲೆ ಹಾಕೋಣ ಅಂತ ಬಿಟ್ಟೆ. ನನ್ನ ಕಂಟ್ರೋಲರ್ ಇರೋವಾಗ ಬ್ರೇಕ್ ಯಾಕೆ ಅನ್ನೋ ಕೊಬ್ಬು."